ಬೂದಿಯಲ್ಲಿ ಒಂದು ಹುರುಳಿಕಾಳು

ಬೂದಿ ಎಂದರೆ ನಮ್ಮ ಕಾಲದ ಹೆಣ್ಣುಮಕ್ಕಳಿಗೆ ಹೊಸ ವಸ್ತುವೇನಲ್ಲ. ಒಲೆಯ ಬೂದಿಯಲ್ಲಿ ಮುಸುರೆ ತಿಕ್ಕಿ, ಬಿತ್ತನೆ ಕಾಳಿಗೆ ಹುಳು ಹತ್ತಬಾರದೆಂದು ಬೂದಿ ಕಲಸಿಟ್ಟು, ಉಳಿದದ್ದನ್ನು ತಿಪ್ಪೆಗೆ ಸುರಿದು ಬೆಳೆದವರು ನಾವು. ಬೂದಿಗೂ ಒಂದು ಚರಿತ್ರೆಯಿದೆ, ಅದನ್ನು ಓದಲು ಕೋಟಿಗಟ್ಟಲೆ ಬೆಲೆಯ ಯಂತ್ರವಿದೆ ಎಂದು ನಾನು ನೌಕರಿಗೆ ಸೇರಿದ ಹೊಸತರಲ್ಲಿ ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ. ಈಗ ನಗು ಬರುವುದಿಲ್ಲ, ನಗುವವರನ್ನು ಕಂಡರೆ ಸಿಟ್ಟು ಬರುತ್ತದೆ. ಈ ಬರಹ ಆ ಸಿಟ್ಟಿನದು. ಅದರಲ್ಲಿ ಸ್ವಲ್ಪ ಪಾಲು ನನ್ನ ಮೇಲಿನದೂ ಹೌದು.

ಕೆಲವು ವರ್ಷಗಳ ಹಿಂದೆ ಶಾಲೆಯ ಮಕ್ಕಳನ್ನು ಪ್ರವಾಸಕ್ಕೆ ಕರೆದುಕೊಂಡು ಹೊರಟಿದ್ದೆವು. ಮಾಗಳದಿಂದ ಹಡಗಲಿ, ಹೊಸಪೇಟೆ, ಹಂಪಿ, ಆಮೇಲೆ ಬಳ್ಳಾರಿ ಕೋಟೆ. ದಾರಿಯಲ್ಲಿ ಕುಡತಿನಿ ಬಂದಾಗ ಬಸ್ಸು ನಿಲ್ಲಿಸಲು ಹೇಳಿದೆ. ಅಲ್ಲಿ ಪುರಾತನವಾದ ಒಂದು ಬೂದಿದಿಬ್ಬವಿದೆ. ಊರಿನ ಇನ್ನೊಂದು ಕಡೆ ಉಷ್ಣ ವಿದ್ಯುತ್ ಸ್ಥಾವರದ ಹೊಗೆ ಕೊಳವೆಗಳು. ಮಕ್ಕಳು ದಿಬ್ಬ ಹತ್ತಿ ಇಳಿದರು. ನನ್ನ ಜೊತೆಗಿದ್ದ ಮೇಷ್ಟ್ರು ಬಸ್ಸಿನಿಂದ ಇಳಿಯಲೇ ಇಲ್ಲ. "ಏನ್ರೀ ಮೇಡಂ, ಹಂಪಿ ಬಿಟ್ಟು ಬೂದಿ ನೋಡಾಕ ನಿಂತ್ರಿ? ಪರೀಕ್ಷೆಗೆ ಬರೋದಲ್ಲ, ಬಿಡ್ರಿ" ಎಂದರು.

ಅದೇ ವರ್ಷ ಬೇರೊಂದು ಊರಿನಲ್ಲಿ, ನೆಂಟರ ಮನೆಗೆ ಹೋದಾಗ, ಅಂಥದೇ ಒಂದು ಸಣ್ಣ ದಿಬ್ಬಕ್ಕೆ ಟ್ರ್ಯಾಕ್ಟರ್ ನಿಲ್ಲಿಸಿ ಬೂದಿ ತುಂಬುತ್ತಿದ್ದುದನ್ನು ಕಂಡೆ. ಊರ ಹೆಸರು ಹೇಳುವುದು ಬೇಡ. ಏಕಪ್ಪಾ ಎಂದು ಕೇಳಿದೆ. "ಹೊಲಕ್ಕ ಗೊಬ್ಬರ ಅಕ್ಕಾರ. ಪುಕ್ಕಟೆ ಸಿಗತೈತಿ, ಬಿಡೋದು ಯಾಕ?" ಎಂದ. ಅವನ ಮಾತಿನಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ. ಇದು ಏನು ಎಂದು ಅವನಿಗೆ ಯಾರಾದರೂ ಹೇಳಿದ್ದರೆ ತಾನೆ? ಅವನೂ ಯಾವುದೋ ಸರ್ಕಾರಿ ಶಾಲೆಯಲ್ಲಿ ಸಮಾಜ ಪಾಠ ಕೇಳಿದವನೇ. ಹೇಳಬೇಕಾಗಿದ್ದವರು ನನ್ನಂಥವರು.

ಈ ದಿಬ್ಬಗಳು ಬಳ್ಳಾರಿ, ರಾಯಚೂರು, ಸುರಪುರದ ಕಡೆ ಹರಡಿಕೊಂಡಿವೆ. ಬೂದಿಹಾಳ ಎಂದು ಊರಿಗೇ ಹೆಸರಿಟ್ಟುಕೊಂಡವರಿದ್ದಾರೆ. ಜನ ಇವುಗಳಿಗೆ ಕಥೆ ಕಟ್ಟಿದರು. ಕುಡತಿನಿಯದು ಹಿಡಿಂಬಾಸುರನನ್ನು ಸುಟ್ಟ ಬೂದಿ, ಹಂಪಿ ಬಳಿಯ ನಿಂಬಾಪುರದ್ದು ವಾಲಿಯನ್ನು ದಹಿಸಿದ ಬೂದಿ ಎಂದು. ಅಜ್ಜಿಯರ ಕಥೆಯನ್ನು ನಾನು ಹೀಯಾಳಿಸುವವಳಲ್ಲ. ಇದು ಸುಟ್ಟದ್ದು, ತಾನಾಗಿ ಆದ ಮಣ್ಣಲ್ಲ ಎಂಬುದನ್ನಾದರೂ ಆ ಕಥೆ ಮರೆಯಗೊಡಲಿಲ್ಲ. ನನಗೆ ಬೇಜಾರಾಗುವುದು ಓದಿದವರ ಊಹೆಯಿಂದ. ಬ್ರಿಟಿಷರ ಕಾಲದ ವಿದ್ವಾಂಸರಲ್ಲಿ ಕೆಲವರು ಇದು ವಿಜಯನಗರ ಕಾಲದಲ್ಲಿ ಒಟ್ಟಾಗಿ ಸತಿ ಹೋದ ಹೆಂಗಸರ ಚಿತೆಯ ಬೂದಿಯಿರಬೇಕು ಎಂದು ಬರೆದರು. ನೋಡಿ, ಬೂದಿಯಲ್ಲಿ ಹೆಂಗಸನ್ನು ಕಾಣಬೇಕಾದರೆ ಅವಳು ಸುಟ್ಟುಕೊಂಡವಳೇ ಆಗಿರಬೇಕು! ಬೇಯಿಸಿದವಳು, ಬೀಸಿದವಳು, ದನ ಕಟ್ಟಿದವಳು ಆಗಿರಬಹುದೆಂದು ಅವರಿಗೆ ಹೊಳೆಯಲಿಲ್ಲ.

ಸರಿಯಾದ ದಾರಿ ಹಿಡಿದವನು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್. ಹತ್ತೊಂಬತ್ತನೆಯ ಶತಮಾನದಲ್ಲೇ ಆತ ಇದು ಸಗಣಿ ಸುಟ್ಟ ಬೂದಿ ಎಂದ. 1957ರಲ್ಲಿ ರೇಮಂಡ್ ಆಲ್ಚಿನ್ ಇಂದಿನ ತೆಲಂಗಾಣದಲ್ಲಿರುವ ಉಟ್ನೂರಿನ ದಿಬ್ಬವನ್ನು ಅಗೆದಾಗ ಬೇಲಿಯ ಕಂಬ ನೆಟ್ಟ ಕುಳಿಗಳು, ಬೂದಿಯ ಪದರದ ಮೇಲೆ ದನದ ಗೊರಸಿನ ಗುರುತುಗಳು ಸಿಕ್ಕವು. ದನದ ದೊಡ್ಡಿಯಲ್ಲಿ ರಾಶಿ ಬಿದ್ದ ಸಗಣಿಯನ್ನು ಮತ್ತೆ ಮತ್ತೆ ಸುಟ್ಟು ಆದ ದಿಬ್ಬ ಅದು. ಅಸುರನೂ ಇಲ್ಲ, ಸತಿಯೂ ಇಲ್ಲ. ನಮ್ಮ ಹಟ್ಟಿಯಲ್ಲಿ ದಿನಾ ಬಳಿಯುವ ಸಗಣಿ.

ಹಾಗಾದರೆ ಯಾವ ಕಾಲದ ಸಗಣಿ? ಮುಖ್ಯ ಪ್ರಶ್ನೆ ಇದೇ. 1947ರಲ್ಲಿ ಮೊಳಕಾಲ್ಮೂರು ಸೀಮೆಯ ಬ್ರಹ್ಮಗಿರಿಯನ್ನು ಅಗೆದ ಮಾರ್ಟಿಮರ್ ವ್ಹೀಲರ್ ದೊಡ್ಡ ಹೆಸರಿನ ಮನುಷ್ಯ. ಇಲ್ಲಿಯ ಕಲ್ಲುಕೊಡಲಿಯ ಜನ ಕ್ರಿ.ಪೂ. ಒಂದನೆಯ ಸಹಸ್ರಮಾನದ ಆರಂಭದವರು, ಅಂದರೆ ಹೆಚ್ಚೆಂದರೆ ಮೂರು ಸಾವಿರ ವರ್ಷದ ಹಿಂದಿನವರು ಎಂದು ಅಂದಾಜು ಮಾಡಿದ. ಅವರು ಎಷ್ಟು ಹಳಬರೆಂದು ತಿಳಿಯಲು ಇಂಗಾಲ ಬೇಕಾಯಿತು.

ನಾನು ಬಿ.ಎ., ಬಿ.ಇಡಿ. ಓದಿದವಳು. ವಿಜ್ಞಾನ ನನ್ನ ವಿಷಯವಲ್ಲ. ಆದರೂ ಇದನ್ನು ಅರ್ಥಮಾಡಿಕೊಂಡೆ. ನೀವೂ ಅರ್ಥಮಾಡಿಕೊಳ್ಳುತ್ತೀರಿ. "ಇದೆಲ್ಲ ಹೆಣ್ಣುಮಕ್ಕಳ ತಲೆಗೆ ಹೋಗಲ್ಲ" ಎನ್ನುವವರಿಗೆ ಕಿವಿಗೊಡಬೇಡಿ.

ಆಕಾಶದಿಂದ ಸದಾ ವಿಶ್ವಕಿರಣಗಳು ಸುರಿಯುತ್ತಿವೆ. ಅವು ಗಾಳಿಗೆ ಬಡಿದಾಗ ಸಾರಜನಕದ ಕೆಲವು ಪರಮಾಣುಗಳು ಇಂಗಾಲ-14 ಎಂಬ ವಿಕಿರಣಶೀಲ ಇಂಗಾಲವಾಗುತ್ತವೆ. ಗಾಳಿಯಿಂದ ಅದು ಗಿಡಕ್ಕೆ, ಗಿಡದಿಂದ ದನಕ್ಕೆ, ನಮಗೆ. ಜೀವ ಇರುವವರೆಗೆ ಒಳಗೆ ಬರುತ್ತಲೇ ಇರುತ್ತದೆ. ಸತ್ತ ಮೇಲೆ ಬರುವುದು ನಿಂತು, ಇದ್ದದ್ದು ಕರಗುತ್ತಾ ಹೋಗುತ್ತದೆ, 5,730 ವರ್ಷಕ್ಕೆ ಅರ್ಧದ ಲೆಕ್ಕದಲ್ಲಿ. ಎಷ್ಟು ಉಳಿದಿದೆ ಎಂದು ತಿಳಿದರೆ ಎಷ್ಟು ಕಾಲವಾಯಿತು ಎಂದು ತಿಳಿಯುತ್ತದೆ. ಕುಡತಿನಿಯ ಸ್ಥಾವರದಲ್ಲಿ ಉರಿಯುವ ಕಲ್ಲಿದ್ದಲು ಕೋಟಿಗಟ್ಟಲೆ ವರ್ಷ ಹಳೆಯದು. ಅದರಲ್ಲಿ ಹುಡುಕಿದರೆ ಇಂಗಾಲ-14 ಇರುವುದಿಲ್ಲ. ಒಂದೇ ಊರಿನ ಎರಡು ಬೂದಿಗಳು, ಕಣ್ಣಿಗೆ ಒಂದೇ ಬಣ್ಣ!

ವಿಲ್ಲಾರ್ಡ್ ಲಿಬ್ಬಿ 1940ರ ದಶಕದ ಕೊನೆಗೆ ಈ ವಿಧಾನ ಕಂಡುಹಿಡಿದು 1960ರಲ್ಲಿ ನೊಬೆಲ್ ಪಡೆದ. ಆದರೆ ಅವನ ವಿಧಾನಕ್ಕೆ ಒಂದು ಇಕ್ಕಟ್ಟಿತ್ತು. ಪರಮಾಣುಗಳು ಕರಗುವಾಗ ಬರುವ ಸಂಕೇತವನ್ನು ಮಾತ್ರ ಅದು ಎಣಿಸುತ್ತಿತ್ತು. ಇಂದು ಬದುಕಿರುವ ಗಿಡದ ಒಂದು ಗ್ರಾಂ ಇಂಗಾಲದಲ್ಲಿ ಇಂಗಾಲ-14ರ ಪರಮಾಣುಗಳು ಸುಮಾರು 6,000 ಕೋಟಿ. ಅವುಗಳಲ್ಲಿ ನಿಮಿಷಕ್ಕೆ ಕರಗುವುದು ಸುಮಾರು 14 ಮಾತ್ರ. ಜನಗಣತಿಗೆಂದು ಮನೆ ಮನೆ ಮೆಟ್ಟಿಲು ಹತ್ತಿದ ನಾನು ಇದನ್ನು ಹೀಗೆ ಹೇಳುತ್ತೇನೆ: ಊರಿನಲ್ಲಿ ಎಷ್ಟು ಜನ ಇದ್ದಾರೆಂದು ತಿಳಿಯಲು ಸ್ಮಶಾನದ ಬಾಗಿಲಲ್ಲಿ ಕೂತು ಹೆಣ ಎಣಿಸಿದಂತೆ. ದೊಡ್ಡ ಊರಾದರೆ ಲೆಕ್ಕ ಸಿಕ್ಕೀತು. ನಾಲ್ಕು ಮನೆಯ ಹಟ್ಟಿಯಾದರೆ ವರ್ಷಗಟ್ಟಲೆ ಕೂರಬೇಕು. ಅದಕ್ಕೇ ಆ ವಿಧಾನಕ್ಕೆ ಇದ್ದಿಲು ಹೆಚ್ಚು ಬೇಕಾಗುತ್ತಿತ್ತು.

1977ರಲ್ಲಿ ಅಮೆರಿಕ ಮತ್ತು ಕೆನಡಾದ ವಿಜ್ಞಾನಿಗಳು ಹೆಣ ಎಣಿಸುವುದನ್ನು ಬಿಟ್ಟು ಮನೆಗಣತಿಗೇ ಹೊರಟರು. ಪರಮಾಣುಗಳನ್ನೇ ಒಂದೊಂದಾಗಿ ಎಣಿಸುವ ಈ ವಿಧಾನದ ಹೆಸರು ಆಕ್ಸಿಲರೇಟರ್ ಮಾಸ್ ಸ್ಪೆಕ್ಟ್ರೊಮೆಟ್ರಿ. ಹೆಸರು ಕೇಳಿ ಹೆದರಬೇಡಿ, ಕಣದ ಕೆಲಸವೇ ಅದು. ಕಷ್ಟ ಏನೆಂದರೆ ಇಂಗಾಲ-14 ಇರುವುದು ಲಕ್ಷ ಕೋಟಿ ಪರಮಾಣುಗಳಲ್ಲಿ ಒಂದು. ಅಕ್ಕಿಯ ಲೆಕ್ಕದಲ್ಲಿ ಹೇಳಿದರೆ, ಹತ್ತು ಟನ್ನಿನ ಲಾರಿ ಸುಮಾರು ಎರಡು ಸಾವಿರ ನಿಲ್ಲಿಸಿ, ಅವುಗಳಲ್ಲಿ ಬೇರೆ ಜಾತಿಯ ಒಂದೇ ಒಂದು ಕಾಳು ಹುಡುಕಿದಂತೆ. ಸಾಲದ್ದಕ್ಕೆ ಅಷ್ಟೇ ತೂಕದ ಸಾರಜನಕ ಅವಳಿ ಮಕ್ಕಳ ಹಾಗೆ ಜೊತೆಗೆ ನಿಂತಿರುತ್ತದೆ.

ಯಂತ್ರ ಮಾಡುವುದೇನು? ಮೊದಲು ಮಾದರಿಯ ಇಂಗಾಲಕ್ಕೆ ಋಣ ವಿದ್ಯುತ್ತಿನ ಅಂಶ ಹಚ್ಚುತ್ತದೆ. ಸಾರಜನಕಕ್ಕೆ ಅದನ್ನು ಹಿಡಿದಿಟ್ಟುಕೊಳ್ಳುವ ಶಕ್ತಿಯಿಲ್ಲ. ಬಾಗಿಲಲ್ಲೇ ಅದು ಉಳಿದುಹೋಗುತ್ತದೆ. ಆಮೇಲೆ ಲಕ್ಷಗಟ್ಟಲೆ ವೋಲ್ಟಿನ ಸೆಳೆತಕ್ಕೆ ಸಿಕ್ಕಿ ಉಳಿದವು ಓಡುತ್ತವೆ. ನಡುವೆ ತೆಳುವಾದ ಅನಿಲದ ಮೂಲಕ ನುಗ್ಗುವಾಗ, ಜೋಡಿ ಕಟ್ಟಿಕೊಂಡು ಇಂಗಾಲ-14ರ ವೇಷ ಹಾಕಿದ್ದ ಅಣುಗಳೆಲ್ಲ ಒಡೆದುಹೋಗುತ್ತವೆ. ಇದು ಒಕ್ಕಣೆ. ಕೊನೆಗೆ ಅಯಸ್ಕಾಂತದ ಎದುರು ಹಾಯುವಾಗ ಹಗುರಾದವು ಹೆಚ್ಚು ಬಾಗುತ್ತವೆ, ಭಾರದವು ಕಡಿಮೆ. ಇದು ತೂರುವುದು. ಗಾಳಿಗೆ ಹೊಟ್ಟು ದೂರ, ಕಾಳು ಹತ್ತಿರ ಬೀಳುವುದಿಲ್ಲವೆ, ಹಾಗೆ. ಕೊನೆಗೆ ಉಳಿದದ್ದನ್ನು ಎಣಿಸುತ್ತದೆ. ಇದಕ್ಕೆಲ್ಲ ಬೇಕಾದದ್ದು ಒಂದು ಮಿಲಿಗ್ರಾಂನಷ್ಟು ಇಂಗಾಲ. ಅಂದರೆ ಸುಟ್ಟ ಒಂದು ಹುರುಳಿಕಾಳು ಸಾಕು.

ಕಾಳು ಸಾಕು ಎಂಬುದರಲ್ಲಿ ಏನು ದೊಡ್ಡದು ಎನ್ನುವಿರಾ? ಇದ್ದಿಲು ಮೋಸ ಮಾಡಬಹುದು. ನೂರು ವರ್ಷದ ಮರ ಕಡಿದು ತೊಲೆ ಮಾಡಿ, ಮನೆ ಬಿದ್ದ ಮೇಲೆ ಅದೇ ತೊಲೆಯನ್ನು ಒಲೆಗೆ ಹಾಕಿದರೆ, ಇದ್ದಿಲು ಮರದ ವಯಸ್ಸು ಹೇಳುತ್ತದೆ, ಒಲೆಯ ವಯಸ್ಸಲ್ಲ. ಕಾಳು ಹಾಗಲ್ಲ. ಒಂದು ಮಳೆಗಾಲದಲ್ಲಿ ಬೆಳೆದು ಸ್ವಲ್ಪ ದಿನದಲ್ಲೇ ಅಡುಗೆಗೆ ಹೋಗುವಂಥದು. ಅಕಸ್ಮಾತ್ ಇಲಿ ಬಿಲ ತೋಡಿ ಮೇಲಿನ ಕಾಳನ್ನು ಕೆಳಕ್ಕೆ ಒಯ್ದಿದ್ದರೂ, ಆ ಕಾಳನ್ನೇ ಯಂತ್ರಕ್ಕೆ ಕೊಟ್ಟರೆ ಸುಳ್ಳು ಹೊರಬೀಳುತ್ತದೆ.

ನಮ್ಮ ದೇಶದಲ್ಲಿ ಈ ಲೆಕ್ಕ ಶುರುವಾದದ್ದು ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ, ಹಳೆಯ ವಿಧಾನದಿಂದಲೇ. ಅಲ್ಲಿ ಡಿ.ಪಿ. ಅಗ್ರವಾಲರ ಜೊತೆ ವರ್ಷಗಟ್ಟಲೆ ಕೂತು ದೇಶದ ಪುರಾತನ ನೆಲೆಗಳ ಕಾಲ ಎಣಿಸಿದವರು ಶೀಲಾ ಕುಸುಮ್‌ಗರ್ ಎಂಬ ಮಹಿಳೆ. 1974ರಲ್ಲಿ ಇಬ್ಬರೂ ಸೇರಿ ಪುಸ್ತಕ ತಂದರು. ಈ ಹೆಸರನ್ನು ನಾನು ಬಿ.ಇಡಿ.ಯಲ್ಲಿ ಕೇಳಿರಲಿಲ್ಲ, ಯಾವ ಪಠ್ಯದಲ್ಲೂ ಕಂಡಿರಲಿಲ್ಲ. ನಮ್ಮವರೇ ಆದ ಎಂ.ಎಸ್. ನಾಗರಾಜರಾಯರು 1960ರ ದಶಕದಲ್ಲಿ ಅಗೆದ ತೆಕ್ಕಲಕೋಟೆಯ ಕಾಲವೂ ಇಂಗಾಲದಿಂದಲೇ ತಿಳಿಯಿತು. ವ್ಹೀಲರ್ ಹಾಕಿದ ಲೆಕ್ಕ ಸಾವಿರ ವರ್ಷಕ್ಕೂ ಹೆಚ್ಚು ತಪ್ಪಿತ್ತು. ದೊಡ್ಡ ಹೆಸರಿನ ಗಂಡಸಿನ ಅಂದಾಜಿಗಿಂತ ಒಲೆಯ ಇದ್ದಿಲಿನ ಸಾಕ್ಷಿ ಗಟ್ಟಿಯಾಯಿತು.

ಆಮೇಲೆ ಬಳ್ಳಾರಿ ಪಕ್ಕದ ಸಂಗನಕಲ್ಲು, ಕಪ್ಪಗಲ್ಲು ಗುಡ್ಡಗಳಲ್ಲಿ ರವಿ ಕೋರಿಶೆಟ್ಟರ್, ಡೋರಿಯನ್ ಫುಲ್ಲರ್, ನಿಕೋಲ್ ಬೊಯ್ವಿನ್ ಮತ್ತು ಅವರ ಸಂಗಡಿಗರು ಅಗೆದರು. ಅಗೆದ ಮಣ್ಣನ್ನು ನೀರಿಗೆ ಹಾಕಿ ಕದಡಿದರೆ ಸುಟ್ಟ ಕಾಳು ಮೇಲೆ ತೇಲುತ್ತದೆ. ಅಕ್ಕಿ ತೊಳೆಯುವಾಗ ಹೊಟ್ಟು ತೇಲುವಂತೆ. ಅದನ್ನು ಜರಡಿ ಹಿಡಿದು ಆರಿಸುತ್ತಾರೆ. ಆ ಕಾಳುಗಳನ್ನು ಈ ಹೊಸ ವಿಧಾನದಿಂದ ಎಣಿಸಿ 2007ರಲ್ಲಿ ಫಲಿತಾಂಶ ಪ್ರಕಟಿಸಿದರು. ನಮ್ಮ ಸೀಮೆಯ ಮೊದಲ ದನಗಾರರ ಕಾಲ ಕ್ರಿ.ಪೂ. 3000ದ ಸುಮಾರಿಗೆ ಶುರುವಾಗುತ್ತದೆ. ಐದು ಸಾವಿರ ವರ್ಷ! ಅವರ ಅಡುಗೆಯ ಮುಖ್ಯ ಕಾಳುಗಳು ಹುರುಳಿ ಮತ್ತು ಹೆಸರು. ಧಾನ್ಯ ಕೊರಲೆ ಮತ್ತು ಅದರಂಥ ಸಣ್ಣ ಕಾಳು. ಗೋಧಿ, ಬಾರ್ಲಿ ಆಮೇಲೆ ಬಂದವು. ನಾವು "ಇದೇ ನಮ್ಮ ಮಣ್ಣಿನ ಅನ್ನ" ಎಂದು ಎದೆ ತಟ್ಟಿಕೊಂಡು ತಿನ್ನುವ ಜೋಳದ ಮೂಲ ಆಫ್ರಿಕ. ರೊಟ್ಟಿ ಬಡಿಯುತ್ತಾ ಇದನ್ನು ಹೇಳಿದಾಗ ನಮ್ಮ ಮನೆಯಲ್ಲಿ ಯಾರೂ ನಂಬಲಿಲ್ಲ. ಹುರುಳಿಕಟ್ಟಿನ ಸಾರಿಗೆ ಮಾತ್ರ ಅವತ್ತಿನಿಂದ ಮರ್ಯಾದೆ ಹೆಚ್ಚಿತು.

ಈಗ ನನ್ನ ಜಗಳಕ್ಕೆ ಬರುತ್ತೇನೆ. ನಮ್ಮೂರು ಮಾಗಳದಲ್ಲಿ ಚಾಲುಕ್ಯರ ಕಾಲದ ಚೆಲುವಾದ ಗುಡಿಯಿದೆ. 1896ರಲ್ಲಿ ಅಲೆಕ್ಸಾಂಡರ್ ರಿಯಾ ಚಾಲುಕ್ಯ ವಾಸ್ತುಶಿಲ್ಪದ ಬಗ್ಗೆ ತಂದ ಪುಸ್ತಕದಲ್ಲಿ ಹಡಗಲಿ, ಕುರುವತ್ತಿಯ ಗುಡಿಗಳ ಜೊತೆ ಅದಕ್ಕೂ ಜಾಗ ಸಿಕ್ಕಿತು. ನನಗೆ ಅದರ ಹೆಮ್ಮೆಯಿದೆ. ಆದರೆ ಊರಿನ ಸಭೆಗಳಲ್ಲಿ ಮಾತಾಡುವವರು ಎರಡೇ ಬಗೆ. ಒಬ್ಬರಿಗೆ ಶಾಸನ ಇದ್ದರೆ ಮಾತ್ರ ಚರಿತ್ರೆ. ಅವರ ಚರಿತ್ರೆ ರಾಜನಿಂದ ಶುರುವಾಗಿ ದಾನ ಕೊಟ್ಟ ದಂಡನಾಯಕನಲ್ಲಿ ಮುಗಿಯುತ್ತದೆ. ಇನ್ನೊಬ್ಬರಿಗೆ ಲೆಕ್ಕವೇ ಬೇಡ. "ನಮ್ಮ ನಾಡಿಗೆ ಹತ್ತು ಸಾವಿರ ವರ್ಷ, ಲಕ್ಷ ವರ್ಷ" ಎಂದು ಮೈಕಿನಲ್ಲಿ ಕೂಗಿದರೆ ಚಪ್ಪಾಳೆ. ಎಣಿಸಿದ್ದು ಹೇಗೆ ಸ್ವಾಮಿ ಎಂದು ಕೇಳಿದರೆ ನಾವು ದೇಶದ್ರೋಹಿಗಳು, ಇಲ್ಲವೇ ಬಾಯಿ ಹೆಚ್ಚಾದ ಹೆಂಗಸರು.

ಮೊದಲನೆಯವರಿಗೆ ನಾನು ಹೇಳುವುದು: ಶಾಸನ ಕೆತ್ತಿಸಲು ಹೊನ್ನು ಬೇಕು, ಅಧಿಕಾರ ಬೇಕು. ಎರಡೂ ಇಲ್ಲದವರು ಬಿಟ್ಟುಹೋದದ್ದು ಬೀಸುವ ಕಲ್ಲಿನ ಕುಳಿ, ಒಲೆಯ ಬೂದಿ, ಮಡಕೆಯ ಚೂರು, ಉಕ್ಕಿ ಬೆಂಕಿಗೆ ಬಿದ್ದ ನಾಲ್ಕು ಕಾಳು. ಕಾಳು ಚೆಲ್ಲಿದ ಕೈ ಹೆಂಗಸಿನದೋ ಗಂಡಸಿನದೋ ಯಂತ್ರ ಹೇಳುವುದಿಲ್ಲ, ನಾನೂ ಹಟ ಮಾಡುವುದಿಲ್ಲ. ಆದರೆ ಅದು ಅಡುಗೆಯ ಕೈ. ಅಡುಗೆಯ ಕೈಗೆ ಕಾಲದ ಲೆಕ್ಕದಲ್ಲಿ ಜಾಗ ಕೊಟ್ಟದ್ದು ಈ ಯಂತ್ರ. ಒಂದು ಕಾಳಿಗೆ ಇಸವಿ ಹಚ್ಚಲು ಬರುತ್ತದೆಂದ ಮೇಲೆ, ಆ ಕಾಳೂ ಶಾಸನವೇ.

ಎರಡನೆಯವರಿಗೆ: ಯಂತ್ರ ಯಾವತ್ತೂ ಒಂದೇ ಇಸವಿಯನ್ನು ಖಂಡಿತವಾಗಿ ಹೇಳುವುದಿಲ್ಲ. ಇಷ್ಟು ವರ್ಷ, ಇಷ್ಟು ಹೆಚ್ಚು ಅಥವಾ ಕಡಿಮೆ ಎನ್ನುತ್ತದೆ. ಮರದ ಉಂಗುರಗಳ ಜೊತೆ ತಾಳೆ ನೋಡಿ ತಿದ್ದಿಕೊಳ್ಳುತ್ತದೆ. ತಪ್ಪಿನ ಅಳತೆಯನ್ನೂ ತಾನೇ ಹೇಳುವ ಈ ನಯ ಭಾಷಣಕಾರರಿಗೆ ಇದೆಯೆ? ಐದು ಸಾವಿರ ವರ್ಷ ಎಂದು ಲೆಕ್ಕ ಕೊಟ್ಟು ಹೇಳುವುದು, ಲಕ್ಷ ವರ್ಷ ಎಂದು ಲೆಕ್ಕವಿಲ್ಲದೆ ಹೇಳುವುದಕ್ಕಿಂತ ದೊಡ್ಡ ಹೆಮ್ಮೆ. ಲಕ್ಷಗಳ ಲೆಕ್ಕವೂ ಬೇಕೆನ್ನುವವರಿಗೆ ದಾರಿಯಿದೆ. ಕಲ್ಲಿನಲ್ಲಿ ವಿಶ್ವಕಿರಣದಿಂದ ಹುಟ್ಟುವ ಬೆರಿಲಿಯಂ-10, ಅಲ್ಯೂಮಿನಿಯಂ-26 ಎಂಬ ಅಪರೂಪದ ಪರಮಾಣುಗಳನ್ನು ಇದೇ ಬಗೆಯ ಯಂತ್ರ ಎಣಿಸುತ್ತದೆ. ತಮಿಳುನಾಡಿನ ಅತ್ತಿರಂಪಾಕ್ಕಂನಲ್ಲಿ ಶಾಂತಿ ಪಪ್ಪು ಅವರ ತಂಡಕ್ಕೆ ಸಿಕ್ಕ ಕಲ್ಲಿನ ಆಯುಧಗಳು ಸುಮಾರು 15 ಲಕ್ಷ ವರ್ಷದವು ಎಂದು 2011ರಲ್ಲಿ ಅದರಿಂದಲೇ ಗೊತ್ತಾದದ್ದು. ಕೂಗಿ ಅಲ್ಲ, ಎಣಿಸಿ.

ಲೆಕ್ಕ ಹಾಕಿದರೆ ನಂಬಿಕೆಗೆ ಪೆಟ್ಟು ಎಂದು ಹೆದರುವವರು ಇಟಲಿಯ ಟ್ಯೂರಿನ್ ನಗರದ ಕಥೆ ಕೇಳಬೇಕು. ಅಲ್ಲಿ ಏಸುವಿನ ದೇಹಕ್ಕೆ ಸುತ್ತಿದ್ದೆಂದು ಭಕ್ತರು ನಂಬುವ ಬಟ್ಟೆಯಿದೆ. ಹಳೆಯ ವಿಧಾನಕ್ಕೆ ದೊಡ್ಡ ತುಂಡೇ ಬೇಕಾಗುತ್ತಿತ್ತು, ಯಾರು ಕತ್ತರಿಸಲು ಬಿಟ್ಟಾರು? ಹೊಸ ವಿಧಾನ ಬಂದ ಮೇಲೆ 1988ರಲ್ಲಿ ಚೂರು ಕತ್ತರಿಸಿ ಮೂರು ಪ್ರಯೋಗಾಲಯಗಳಿಗೆ ಕೊಟ್ಟರು. ಕ್ರಿ.ಶ. 1260ರಿಂದ 1390ರ ನಡುವಿನದು ಎಂದು ಬಂತು. ಒಪ್ಪದೆ ವಾದಿಸುವವರು ಇವತ್ತಿಗೂ ಇದ್ದಾರೆ. ಬಟ್ಟೆಗೆ ಕೈ ಮುಗಿಯುವವರು ಕೈ ಮುಗಿಯುತ್ತಲೇ ಇದ್ದಾರೆ. ಕೇಳಲು ಅವಕಾಶ ಕೊಟ್ಟದ್ದರಿಂದ ದೇವರೇನೂ ಊರು ಬಿಟ್ಟು ಹೋಗಲಿಲ್ಲ.

ಇನ್ನೊಂದು ಆಕ್ಷೇಪ ನನ್ನ ಗೆಳತಿಯೊಬ್ಬಳದು. ಅವಳೂ ಶಿಕ್ಷಕಿ. "ಕೋಟಿಗಟ್ಟಲೆ ಸುರಿದು ಬೂದಿ ಎಣಿಸೋದ್ರ ಬದಲು ಹೆಣ್ಣುಮಕ್ಕಳಿಗೆ ನಾಲ್ಕು ಶೌಚಾಲಯ ಕಟ್ಟಿಸಿದ್ರೆ ಪುಣ್ಯ ಬರ್ತಿತ್ತು ನೋಡಕ್ಕ" ಎಂದಳು. ಈ ಮಾತನ್ನು ಮಾತ್ರ ನಾನು ತಳ್ಳಿಹಾಕಲಾರೆ. ಏಳನೆಯ ತರಗತಿ ದಾಟಿದ ಮೇಲೆ ಹುಡುಗಿಯರು ಯಾಕೆ ಶಾಲೆ ತಪ್ಪಿಸುತ್ತಾರೆಂದು ನಮಗಿಬ್ಬರಿಗೂ ಗೊತ್ತು. ಆದರೆ ಯಂತ್ರ ಕೊಂಡದ್ದರಿಂದ ಶೌಚಾಲಯ ತಪ್ಪಿತು ಎಂಬ ಲೆಕ್ಕ ಸರಿಯಲ್ಲ. ಶೌಚಾಲಯದ ದುಡ್ಡು ಬೇರೆ ದಾರಿಗಳಲ್ಲಿ ಹೋಗುತ್ತದೆ, ಅದು ನಿನಗೂ ಗೊತ್ತು ಎಂದೆ. ನಕ್ಕಳು. ದೆಹಲಿ, ಅಹಮದಾಬಾದು, ಭುವನೇಶ್ವರದ ಸಂಸ್ಥೆಗಳಲ್ಲಿ ಈ ಯಂತ್ರಗಳಿವೆ. ಇವು ಬೂದಿಯೊಂದನ್ನೇ ಎಣಿಸುವುದಿಲ್ಲ. ಭೂಮಿಯ ಆಳದ ನೀರು ಎಷ್ಟು ಹಳೆಯದು ಎಂದು ತಿಳಿಯಲೂ ಇಂಗಾಲ-14, ಕ್ಲೋರಿನ್-36 ಬೇಕು. ನೂರಾರು ಅಡಿ ಬೋರು ಕೊರೆದು ಎತ್ತುವ ನೀರು ಹೋದ ವರ್ಷದ ಮಳೆಯದೋ, ಸಾವಿರಾರು ವರ್ಷದ ಹಿಂದಿನದೋ? ಹಳೆಯದಾದರೆ ನಾವು ಬಡ್ಡಿಯನ್ನಲ್ಲ, ಅಸಲನ್ನೇ ತಿನ್ನುತ್ತಿದ್ದೇವೆ. ಕೊಡ ಹೊತ್ತು ನಿಲ್ಲುವವರಿಗೆ ಇದಕ್ಕಿಂತ ಹತ್ತಿರದ ವಿಜ್ಞಾನ ಯಾವುದು?

ಯಂತ್ರ ಎಷ್ಟು ಜಾಣನಾದರೂ ಕಾಳು ಬೇಕಲ್ಲ! ಕಾಳು ಇರುವುದು ದಿಬ್ಬಗಳಲ್ಲಿ, ಅದರ ಸುತ್ತಲ ಹಳೆಯ ಊರುಗಳ ಮಣ್ಣಿನಲ್ಲಿ. ಬೂದಿಯನ್ನು ಹೊಲಕ್ಕೆ ಒಯ್ದರೆ ಒಂದೆರಡು ಬೆಳೆಗೆ ಗೊಬ್ಬರ, ಆಮೇಲೆ ಇಲ್ಲ. ಕಪ್ಪಗಲ್ಲಿನಲ್ಲಿ ಕಲ್ಲುಗಣಿಯ ಸಿಡಿಮದ್ದು ಸಾವಿರಾರು ವರ್ಷ ಹಳೆಯ ಚಿತ್ರಗಳ ಬಂಡೆಗಳಿಗೇ ಬಂದು ಮುಟ್ಟಿತು. ಕಲೆತುಹೋದ ಪದರವನ್ನು ಯಾವ ದೇಶದ ಯಂತ್ರವೂ ಮತ್ತೆ ಜೋಡಿಸಿಕೊಡುವುದಿಲ್ಲ.

ಆದ್ದರಿಂದ ನನ್ನ ಬೇಡಿಕೆ ಸಣ್ಣದು. ಪ್ರತಿ ದಿಬ್ಬದ ಬಳಿ ಕನ್ನಡದಲ್ಲಿ ಒಂದು ಫಲಕ. ಇದು ಏನು, ಎಷ್ಟು ಹಳೆಯದು, ಹೇಗೆ ಗೊತ್ತಾಯಿತು ಎಂದು ಟ್ರ್ಯಾಕ್ಟರಿನವನಿಗೂ ತಿಳಿಯುವ ಹಾಗೆ. ಗೊಬ್ಬರ ಬಿಡು ಎಂದು ಅವನಿಗೆ ಹೇಳುವ ಮೊದಲು ಬದಲಿ ಗೊಬ್ಬರದ ಏರ್ಪಾಡು. ಬಳ್ಳಾರಿ, ವಿಜಯನಗರ ಜಿಲ್ಲೆಗಳ ಮಕ್ಕಳು ಓದುವ ಪಾಠದಲ್ಲಿ ರಾಜರ ಪಟ್ಟಿಗಿಂತ ಮುಂಚೆ ಒಂದು ಪುಟ, ಹುರುಳಿ ಕೊರಲೆ ಬೆಳೆದವರಿಗೆ. ಬಳ್ಳಾರಿಯಲ್ಲಿ ಬ್ರೂಸ್ ಫೂಟ್ ಹೆಸರಿನ ವಸ್ತುಸಂಗ್ರಹಾಲಯವಿದೆ. ಪ್ರವಾಸ ಹೊರಟ ಶಾಲೆಯವರು ಅಲ್ಲಿಗೊಮ್ಮೆ ಬಸ್ಸು ತಿರುಗಿಸಲಿ.

ಬೇಡಿಕೆ ಈಡೇರುವವರೆಗೆ ನಾನು ಸುಮ್ಮನೆ ಕೂತಿಲ್ಲ. ವರ್ಷದ ಮೊದಲ ಸಮಾಜ ಪಾಠಕ್ಕೆ ಮನೆಯಿಂದ ಒಂದು ಹಿಡಿ ಹುರುಳಿ ಒಯ್ಯುತ್ತೇನೆ. ಒಂದೊಂದು ಕಾಳು ಎಲ್ಲರ ಅಂಗೈಗೂ ಹಾಕಿ, "ಇದರಿಂದ ಐದು ಸಾವಿರ ವರ್ಷದ ಹಿಂದಿನವರ ಮನೆ ಬಾಗಿಲು ಹೇಗೆ ತಟ್ಟೋದು, ಹೇಳ್ರಿ" ಎಂದು ಶುರುಮಾಡುತ್ತೇನೆ. ಕಳೆದ ಸಲ ಹಿಂದಿನ ಬೆಂಚಿನ ಒಬ್ಬ ಹುಡುಗಿ ಎದ್ದು ನಿಂತು, "ಟೀಚರ್, ಆ ಮಿಷನ್ ಹತ್ರ ಕೆಲಸ ಮಾಡಬೇಕಂದ್ರ ಏನು ಓದಬೇಕ್ರಿ?" ಎಂದಳು. ಇದೂ ಪರೀಕ್ಷೆಗೆ ಬರುವ ಪ್ರಶ್ನೆಯಲ್ಲ. ಉತ್ತರವನ್ನು ಮಾತ್ರ ನಾನು ಬೋರ್ಡಿನ ಮೇಲೆ ದಪ್ಪಕ್ಷರದಲ್ಲಿ ಬರೆದೆ.